ಸಾಬವ್ವನ ಎದೆಯ ಫೋಟೋ

ಸಾಬವ್ವ ಮಗುವಿಗೆ ನೀರು ಹಾಕುತ್ತಾಳೆಂದರೆ ಬಾಣಂತಿಯರು ಹೊಲಿಗೆಯ ನೋವನ್ನೂ ಲೆಕ್ಕಿಸದೆ ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಡಾಕ್ಟರ್ ಟಿಪ್ನಿಸ್ ಅವರ ನರ್ಸಿಂಗ್ ಹೋಮಿನಲ್ಲಿ ಹತ್ತು ಹಾಸಿಗೆಗಳಿಗೆ ಅದೊಂದೇ ಬಚ್ಚಲು. ಸಾಬವ್ವ ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಮಗುವನ್ನು ಅದರ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರನ್ನು ಅಂಗೈಯಿಂದ ತಡೆತಡೆದು ಹೊಯ್ಯುತ್ತಿದ್ದಳು. ಕಿರುಚುತ್ತಿದ್ದ ಮಗು ಅರ್ಧ ನೀರಿಗೇ ಸುಮ್ಮನಾಗುತ್ತಿತ್ತು. ಕೊನೆಗೆ ಅದನ್ನು ಎತ್ತಿಕೊಂಡು, ಮೂಗಿಗೆ ಬಾಯಿ ಹಚ್ಚಿ ಉಫ್ ಎಂದು ಊದುವಳು. ಆಮೇಲೆ ಒಂದು ಕಿವಿ, ಇನ್ನೊಂದು ಕಿವಿ. ದೃಷ್ಟಿಯಾಗದಿರಲೆಂದು ನೆತ್ತಿಯ ಪಕ್ಕ ಥೂ ಥೂ ಎಂದು ಉಗುಳಿದಂತೆ ಮಾಡಿ ತಾಯಿಯ ಕೈಗೆ ಕೊಡುವಳು.

ಆ ಊದುವುದನ್ನು ನೋಡಿದಾಗಲೆಲ್ಲ ಜಯಲತಾ ತಡೆಯಲೆಂದು ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿಯುತ್ತಿದ್ದಳು. ಅವಳು ಅಲ್ಲಿ ಬಿಳಿ ಸೀರೆ ಉಟ್ಟು ಓಡಾಡುವ ಸಿಸ್ಟರ್. ಕಾರ್ಕಳದ ಕಡೆಯವಳು, ಹಗಲು ಒಂದು ಔಷಧದಂಗಡಿಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತ, ಸಂಜೆಯ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಸಂಜೆಯದೇ ಒಂದು ಗೃಹ ಶುಶ್ರೂಷೆಯ ತರಗತಿಗೆ ಹೋಗಿದ್ದಳು. ಉಳಿದದ್ದನ್ನೆಲ್ಲ ಡಾಕ್ಟರಬಾಯಿ ಟಿಪ್ನಿಸ್ ಅವರೇ ಕಲಿಸಿದ್ದು. ಎಳೆಮಗುವಿನ ಮುಖಕ್ಕೆ ದೊಡ್ಡವರ ಉಸಿರು ತಾಗಬಾರದು ಎಂದು ಆ ತರಗತಿಯಲ್ಲಿ ಹೇಳಿದ್ದರು. ಹೇಳಿದ್ದರೋ, ಅಥವಾ ತೂಕಡಿಸುತ್ತ ಕೂತಿದ್ದ ತಾನೇ ಹಾಗೆ ಕೇಳಿಸಿಕೊಂಡಿದ್ದೆನೋ ಎಂಬ ಅನುಮಾನ ಅವಳಿಗೆ ಆಗಾಗ ಬರುತ್ತಿತ್ತು.

ಒಮ್ಮೆ ಹೇಳಿಯೂ ನೋಡಿದಳು.

"ಊದ್ಲಿಲ್ಲಂದ್ರ ನೀರು ಒಳಗ ನಿಂತು ನೆಗಡಿ ಆಗ್ತದ್ರೀ ಅಕ್ಕಾರ," ಎಂದಳು ಸಾಬವ್ವ. "ನಮ್ಮವ್ವ ನನಗ ಊದ್ಯಾಳ, ನಿಮ್ಮವ್ವ ನಿಮಗ ಊದಿರಬೇಕು. ಅದಕ್ಕ ನಿಮ್ಮ ಮೂಗು ಇಷ್ಟು ನೆಟ್ಟಗ ಅದ."

ಬಾಗಿಲಲ್ಲಿ ನಿಂತಿದ್ದವರೆಲ್ಲ ನಕ್ಕರು. ಅವರಲ್ಲಿ ಕುಶಲ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಲ್ಯಾಣದಲ್ಲಿ ಹೋಟೆಲಿಟ್ಟಿದ್ದ ಕಿಟ್ಟಣ್ಣನ ಹೆಂಡತಿ ಅವಳು, ಜಯಲತಾಳ ಊರಿನ ಕಡೆಯವಳೇ. ಎರಡು ಸಲ ಹೊಟ್ಟೆಯಲ್ಲೇ ಹೋಗಿ ಮೂರನೆಯದಕ್ಕೆ ಗಂಡುಮಗು ಉಳಿದಿತ್ತು.

"ಬಿಡಿ ಜಯಕ್ಕ, ಇವಳು ಊದದಿದ್ರೆ ನನ್ನ ಮಗನಿಗೆ ನಿದ್ರೆಯೇ ಬರುದಿಲ್ಲ," ಎಂದಳು.

ಡಾಕ್ಟರಬಾಯಿಗೂ ಹೇಳಿದ್ದಾಯಿತು. "ಜಯಾ, ಅರ್ಧ ಜನ ಇಲ್ಲಿಗೆ ಬರುವುದೇ ಅವಳ ಕೈಯ ಸ್ನಾನಕ್ಕೆ," ಎಂದು ಅವರು ಮಾತು ಮುಗಿಸಿದ್ದರು.

ಆ ವರ್ಷ ಡೊಂಬಿವಲಿಗೆ ಹೊಸದಾಗಿ ಮಹಾನಗರಪಾಲಿಕೆ ಬಂದಿತ್ತು. ನರ್ಸಿಂಗ್ ಹೋಮುಗಳನ್ನು ನೋಡಲು ಯಾರೋ ಬರುತ್ತಾರೆ, ಕೆಲಸದವರೆಲ್ಲರ ಆರೋಗ್ಯದ ಸರ್ಟಿಫಿಕೇಟು ಕೇಳುತ್ತಾರೆ ಎಂಬ ಸುದ್ದಿ ಡಾಕ್ಟರುಗಳ ನಡುವೆ ಹಬ್ಬಿತು. ಟಿಪ್ನಿಸ್ ಬಾಯಿ ಜಯಲತಾಳನ್ನು ಕರೆದು, ಎಲ್ಲರ ಎದೆಯ ಎಕ್ಸ್‌ರೇ ಮಾಡಿಸಿಕೊಂಡು ಬಾ ಎಂದರು. ಅಲ್ಲಿಯವರೆಗೆ ಅಲ್ಲಿ ಆಯಾ ಬೇಕೆಂದರೆ, ಬಂದವಳ ಕೈಯ ಉಗುರು ನೋಡಿ, ಬಕೆಟ್ಟು ಎತ್ತಿಸಿ ನೋಡಿ, ನಾಳೆಯಿಂದ ಬಾ ಎನ್ನುವುದಷ್ಟೇ ಇತ್ತು. ಸಾಬವ್ವನನ್ನೂ ಹಾಗೆಯೇ ತೆಗೆದುಕೊಂಡದ್ದು. ಉಗುರು ನೋಡಿದವಳು ಜಯಲತಾಳೇ.

ಎಕ್ಸ್‌ರೇ ತೆಗೆಯುವ ಪುಂಡರೀಕಾಕ್ಷ ಉಡುಪಿಯ ಕಡೆಯವನು. ಅವನ ಕತ್ತಲೆ ಕೋಣೆ ಸ್ಟೇಷನ್ನಿನ ಇನ್ನೊಂದು ಬದಿಗಿತ್ತು. ಉಳಿದ ಆಯಾಗಳದು ಬೇಗ ಮುಗಿಯಿತು. ಸಾಬವ್ವ ಮಾತ್ರ ಅವನು ಕೊಟ್ಟ ನೀಲಿ ಅಂಗಿ ತೊಟ್ಟುಕೊಂಡು, ಕೊರಳನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತುಬಿಟ್ಟಳು.

"ಸರ, ಮಣಿ, ದಾರ, ಎಲ್ಲ ತೆಗೀಬೇಕಮ್ಮ," ಎಂದ ಪುಂಡರೀಕಾಕ್ಷ. "ಇದು ಮದುವೆ ಫೋಟೋ ಅಲ್ಲ ಮಾರಾಯ್ತಿ. ನಿನ್ನ ಎಲುಬಿನ ಫೋಟೋ. ಎಲುಬಿಗೆ ಶೃಂಗಾರ ಬೇಡ."

"ತಾಳಿ ತೆಗ್ಯಂಗಿಲ್ರಿ."

ಅವಳ ಕೊರಳಲ್ಲಿ ತಾಳಿಯ ಎರಡು ಬಟ್ಟಲು, ಒತ್ತೊತ್ತಾಗಿ ಪೋಣಿಸಿದ ಕರಿಮಣಿಯ ದಪ್ಪ ಸರ, ಸವದತ್ತಿಯಿಂದ ತಂದ ತಾಮ್ರದ ತಾಯಿತ. ಜಯಲತಾ ಅವಳನ್ನು ಮೂಲೆಗೆ ಕರೆದು, ಒಂದು ನಿಮಿಷದ ಮಾತು, ನಾನೇ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತೇನೆ ಎಂದಳು.

"ಅಕ್ಕಾರ, ಗಂಡ ಹಾಸಿಗಿ ಹಿಡ್ದಾನ. ಬರಗೊರಳಿಲೆ ನಿಂದ್ರಲೇನು ಈಗ? ಆ ಹೊತ್ತಿಗೇ ಅವಗ ಏನಾರ ಆದ್ರ?"

"ಏನಾಗಿದೆ ಅವನಿಗೆ?"

"ಸೊಂಟ," ಎಂದಳು ಸಾಬವ್ವ. "ರಬಾಳೆ ಕಡೆ ಕಲ್ಲು ಒಡಿಯೂ ಕೆಲಸ. ಸೊಂಟ ಹಿಡ್ದದ."

ಬೇರೆ ಯಾರಾದರೂ ಆಗಿದ್ದರೆ ಗದರಿಸಿ ತೆಗೆಸುತ್ತಿದ್ದರೇನೋ. ಜಯಲತಾಳಿಗೆ ಆಗಲಿಲ್ಲ. ಅವಳ ತಾಯಿ ಸ್ನಾನಕ್ಕೂ ಕರಿಮಣಿ ತೆಗೆದವಳಲ್ಲ. ಕೊನೆಗೆ ಅವಳೇ ಸಾಬವ್ವನ ತಾಳಿ, ಸರ, ತಾಯಿತ ಎಲ್ಲವನ್ನೂ ಒಟ್ಟುಮಾಡಿ ಬಲಗಡೆ ಕೊರಳಿನ ಎಲುಬಿನ ಮೇಲೆ ಗುಪ್ಪೆಯಾಗಿ ಎತ್ತಿ, ಜಾರದಂತೆ ಅಂಟುಪಟ್ಟಿ ಹಚ್ಚಿದಳು.

"ಅಲ್ಲಿ ಇಟ್ರೆ ಅಲ್ಲಿ ಎಂತದೂ ಕಾಣುದಿಲ್ಲ, ಆಮೇಲೆ ನನಗೆ ಹೇಳ್ಬೇಡಿ," ಎಂದು ಪುಂಡರೀಕಾಕ್ಷ ಗುಂಡಿ ಒತ್ತಿದ.

ಮರುದಿನ ಡಾಕ್ಟರಬಾಯಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬಲಗಡೆ ಮೇಲೆ ಇದೇನು ಇಷ್ಟು ಬಿಳಿ?"

"ಅವಳ ಮಂಗಳಸೂತ್ರ ಡಾಕ್ಟರ್. ತೆಗೆಯಲು ಒಪ್ಪಲಿಲ್ಲ."

"ನೀನೇ ನೋಡಿದೆಯಾ?"

"ನಾನೇ ಅಲ್ಲಿ ಎತ್ತಿಟ್ಟದ್ದು." ಫಿಲ್ಮಿನ ಜೊತೆಗೆ ಬಂದ ಚೀಟಿ ಮುಂದಿಟ್ಟಳು: "ಇನ್ನೊಮ್ಮೆ ತೆಗೆಸಬೇಕು ಎಂದು ಎಕ್ಸ್‌ರೇಯವರು ಬರೆದು ಕಳಿಸಿದ್ದಾರೆ."

"ಇನ್ಸ್‌ಪೆಕ್ಷನ್ ಮುಗಿಯಲಿ, ನೋಡೋಣ," ಎಂದು ಡಾಕ್ಟರಬಾಯಿ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಸಾಬವ್ವ ಕೆಲಸಕ್ಕೆ ಯೋಗ್ಯಳು.

ತಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಿಳಿ ಕಂಡದ್ದು ತಾಳಿಯೇ. ಆದರೆ ತಾಳಿಯ ಹಿಂದೆ ಏನಿದೆ ಎಂಬುದನ್ನು ಯಾರೂ ನೋಡಿರಲಿಲ್ಲ. ಜಯಲತಾ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು, ಸಾಬವ್ವ ಕುಶಲಳ ಮಗನ ಮೂಗಿಗೆ ಊದುವಾಗ ತಾನೂ ಉಸಿರು ಬಿಗಿಹಿಡಿಯುತ್ತಿದ್ದಳು. ಸಾಬವ್ವನಿಗೆ ಕೆಮ್ಮಿತ್ತು. ಜೋರಾದದ್ದೇನಲ್ಲ, ಮೆಟ್ಟಿಲು ಹತ್ತಿದಾಗ, ನಕ್ಕಾಗ. ಡೊಂಬಿವಲಿಯ ಕಾರ್ಖಾನೆಗಳ ಹೊಗೆಗೆ ಯಾರು ಕೆಮ್ಮುವುದಿಲ್ಲ ಎಂದು ಜಯಲತಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಮನಸ್ಸಿನಲ್ಲಿ ನಿಲ್ಲಲಿಲ್ಲ.

ಭಾನುವಾರ ಒಂದು ಅರಿಶಿನದ ಕೊಂಬನ್ನು ಹಳದಿ ದಾರಕ್ಕೆ ಕಟ್ಟಿ, ಕಾಗದದಲ್ಲಿ ಸುತ್ತಿಕೊಂಡು, ಸಾಬವ್ವ ಇದ್ದ ಶಹಾಡಿಗೆ ಹೋದಳು. ತಾಳಿ ಹರಿದಾಗ ಹೊಸದು ಬರುವ ತನಕ ಅರಿಶಿನದ ಕೊಂಬು ಕಟ್ಟಿಕೊಳ್ಳುವುದು ಎಲ್ಲ ಕಡೆಯೂ ಉಂಟಲ್ಲ. ಕೊರಳು ಬರಿದಾಗುವುದಿಲ್ಲ, ಕೊಂಬು ಎದೆಯ ಕೆಳಗೆ ಇಳಿಬಿಟ್ಟರೆ ಫೋಟೋಕ್ಕೂ ಅಡ್ಡವಿಲ್ಲ. ಇಷ್ಟು ಸುಲಭದ ಉಪಾಯ ಅಂದೇ ಹೊಳೆಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ರೈಲ್ವೆ ಹಳಿಯ ಬದಿಯ ತಗಡಿನ ಸಾಲಿನಲ್ಲಿ ಸಾಬವ್ವನ ಮನೆ. ಬಾಗಿಲ ಹೊರಗೆ ಹೊರಸಿನ ಮೇಲೆ ಒಬ್ಬ ಗಂಡಸು ಕೂತಿದ್ದ. ಭುಜದ ಎಲುಬುಗಳು ಅಂಗಿಯನ್ನು ಹ್ಯಾಂಗರಿನ ಹಾಗೆ ಹಿಡಿದುಕೊಂಡಿದ್ದವು. ಕೈಯಲ್ಲಿ ಬೂದಿ ತುಂಬಿದ ತೆಂಗಿನ ಕರಟ. ಅವಳು ನೋಡುತ್ತಿದ್ದಂತೆ ಅವನು ಕೆಮ್ಮಿ ಕೆಮ್ಮಿ ಅದರೊಳಗೆ ಉಗುಳಿ, ಬೆರಳಿನಿಂದ ಬೂದಿ ಮುಚ್ಚಿದ. ಮುಚ್ಚುವ ಮೊದಲು ಕೆಂಪು ಕಂಡಿತು.

"ಸಾಬಿ, ಸಿಸ್ಟರ್ ಬಾಯಿ ಬಂದಾಳ ನೋಡು," ಎಂದ ಸಾಬವ್ವನ ಗಂಡ ಮಾಪಣ್ಣ. "ಸೂಜಿ ತಂದಾಳೇನು ಕೇಳು. ಇನ್ನ ಚುಚ್ಚಸ್ಕೊಳ್ಳಾಕ ಜಾಗಾ ಉಳಿದಿಲ್ಲ."

ಸಾಬವ್ವ ಒಳಗಿನಿಂದ ಬಂದು, ಜಯಲತಾಳ ಮುಖ ನೋಡಿ, ಗಂಡನನ್ನು ನೋಡಿ, ಕೂಡಲು ತಗಡಿನ ಡಬ್ಬಿ ಬೋರಲು ಹಾಕಿದಳು.

"ಸೊಂಟ ಅಂದಿದ್ದೆ," ಎಂದಳು ಜಯಲತಾ.

"ಸೊಂಟಾನೂ ನೋಯ್ತದ್ರಿ. ಕೇಳ್ರಿ ಬೇಕಾರ."

"ಔಷಧ?"

"ಸರಕಾರಿ ದವಾಖಾನ್ಯಾಗ ಸೂಜಿ ಪುಕ್ಕಟ ಕೊಡ್ತಾರ. ದಿನಾ ಹೋಗಿ ನಿಂದ್ರಬೇಕು. ಎರಡು ತಿಂಗಳು ಹೋದ, ಆರಾಮ ಅನಿಸ್ತು, ಕಲ್ಲಿಗೆ ಹೋದ. ಮತ್ತ ಬಿದ್ದ." ಸಾಬವ್ವ ತನ್ನ ಎದೆ ಮುಟ್ಟಿ ತೋರಿಸಿದಳು. "ಅವಗ ಅದ. ನನಗಿಲ್ಲ. ನಿಮ್ಮ ಡಾಕ್ಟರಬಾಯಿನ ಬರದು ಕೊಟ್ಟಾಳಲ್ಲ."

"ಸಾಬವ್ವ, ಆ ಫೋಟೋದಲ್ಲಿ ನಿನ್ನ ತಾಳಿ ಕಂಡಿದೆ. ಎದೆ ಕಂಡಿಲ್ಲ." ಕಾಗದ ಬಿಚ್ಚಿ ಅರಿಶಿನದ ಕೊಂಬು ತೋರಿಸಿದಳು. "ನಾಳೆ ಇದನ್ನು ಕಟ್ಟಿಕೊಂಡು ಇನ್ನೊಮ್ಮೆ ತೆಗೆಸುವ. ಅಲ್ಲಿಯವರೆಗೆ ಮಕ್ಕಳನ್ನು ಮುಟ್ಟಬೇಡ. ಬಟ್ಟೆ ಒಗೆ, ನೆಲ ಒರೆಸು."

ಸಾಬವ್ವ ಕೊಂಬನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ತೆಗಸ್ತೀವಿ. ಕಂಡ್ತು ಅಂತ ತಿಳ್ಕೊರಿ. ಆಮ್ಯಾಲ?"

"ಔಷಧ ತಗೊಂಡರೆ ಗುಣ ಆಗ್ತದೆ."

"ಅದಲ್ರಿ. ಕೆಲಸ?"

ಜಯಲತಾ ಕೊಂಬು ಸುತ್ತಿದ್ದ ಕಾಗದವನ್ನು ಮಡಚತೊಡಗಿದಳು. ಮಾಪಣ್ಣನೇ ಹೇಳಿದ: "ಸಿಸ್ಟರ್ ಬಾಯಿಗೆ ಸುಳ್ಳು ಹೇಳಾಕ ಬರಂಗಿಲ್ಲ, ಬಿಡು. ಚಹಾ ಕೊಡು." ಕೊಟ್ಟ ಚಹಾವನ್ನು ಜಯಲತಾ ಕುಡಿದಳು. ಕುಡಿಯುವಾಗ ಲೋಟದ ಅಂಚಿನ ಬಗ್ಗೆ ಯೋಚಿಸಿದಳು, ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಯೋಚನೆ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಡಾಕ್ಟರಬಾಯಿಗೆ ಎಲ್ಲ ಹೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೇಳಿದರು.

"ಮಂಗಳಸೂತ್ರ ಎಂದವಳು ನೀನೇ."

"ಮಂಗಳಸೂತ್ರವೇ ಡಾಕ್ಟರ್. ಅದರ ಹಿಂದಿನದು ಗೊತ್ತಿಲ್ಲ ಎಂದು ಹೇಳುತ್ತಿದ್ದೇನೆ. ಇವತ್ತೇ ತೆಗೆಸಿದರೆ..."

"ತೆಗೆಸಿ, ಇದೆ ಎಂದು ಗೊತ್ತಾದರೆ? ನಾನು ಸಹಿ ಹಾಕಿದ ಸರ್ಟಿಫಿಕೇಟು ಇದೆ. ಗುರುವಾರ ನೋಡಲು ಬರುತ್ತಾರೆ. ನಿನ್ನನ್ನು ಟ್ರೇನ್ಡ್ ನರ್ಸ್ ಎಂದು ತೋರಿಸಿದ್ದೇನೆ, ಅದು ನೆನಪಿರಲಿ. ಒಂದನ್ನು ಕೆದಕಿದರೆ ಇನ್ನೊಂದೂ ಹೊರಗೆ ಬರುತ್ತದೆ."

ಜಯಲತಾಳ ಕಿವಿ ಬಿಸಿಯಾಯಿತು. ಆ ವಿಷಯ ಅವಳಿಗೆ ಗೊತ್ತಿರಲಿಲ್ಲ. ಆದರೆ ಬಿಳಿ ಸೀರೆ ಉಟ್ಟ ದಿನದಿಂದ ಅದರ ಹೆದರಿಕೆ ಅವಳಿಗಿತ್ತು.

"ಅವಳು ಸ್ನಾನ ಮಾಡಿಸಿದ ಮಕ್ಕಳ ಮನೆಯವರಿಗೆ ಒಂದು ಮಾತು ಹೇಳಬೇಕಲ್ಲ?"

"ಏನೆಂದು? ಇಲ್ಲದಿದ್ದರೂ ಇರಬಹುದು ಎಂದೆ? ಟಿಬಿ ಬಾರದಂತೆ ಹುಟ್ಟಿದ ಕೂಡಲೇ ಬಿಸಿಜಿ ಲಸಿಕೆ ಕೊಟ್ಟಿದ್ದೇವೆ. ಸುಮ್ಮನೆ ಊರೆಲ್ಲ ಹೆದರಿಸಬೇಡ."

ಮಧ್ಯಾಹ್ನದೊಳಗೆ ಸಾಬವ್ವನ ಕೆಲಸ ಹೋಯಿತು. ಕಾರಣ ಯಾರೂ ಹೇಳಲಿಲ್ಲ. ಅವಳು ಗಲಾಟೆ ಮಾಡಲಿಲ್ಲ. ತನ್ನ ಹೆಸರಿನ ಸರ್ಟಿಫಿಕೇಟು ಮಾತ್ರ ಕೊಡಿ ಎಂದಳು, ಬೇರೆ ಕಡೆ ಕೇಳಿದರೆ ತೋರಿಸಬೇಕಲ್ಲ ಎಂದಳು. ಡಾಕ್ಟರಬಾಯಿ ಒಂದು ಕ್ಷಣ ಜಯಲತಾಳನ್ನು ನೋಡಿದರು. ಆಮೇಲೆ ಕೊಟ್ಟುಬಿಟ್ಟರು. ಬೇಗ ಹೋಗಲಿ ಎಂಬುದಷ್ಟೇ ಅವರಿಗಿತ್ತು.

ಜಯಲತಾ ಮೆಟ್ಟಿಲ ತನಕ ಹಿಂದೆ ಬಂದಳು. "ಫೋಟೋ ನಾನೇ ತೆಗೆಸಿಕೊಡುತ್ತೇನೆ, ಬಾ. ಈಗಲೇ ಹೋಗುವ."

"ನಿಮ್ಮ ಫೋಟೋ ಹೊಟ್ಟಿ ತುಂಬಸ್ತದೇನ್ರಿ ಅಕ್ಕಾರ?" ಎಂದಳು ಸಾಬವ್ವ, ಸಿಟ್ಟಿಲ್ಲದೆ. "ಇಷ್ಟು ದಿನ ತಾಳಿ ಕಂಡು ಕೆಲಸ ಉಳೀತು. ಎದಿ ಕಾಣೂದರೊಳಗ ಹೋತು." ಮೆಟ್ಟಿಲಿಳಿಯುವಾಗ ಕೆಮ್ಮಿದಳು. ಬಟ್ಟೆ ಅಂಗಡಿಯ ಮುಂದೆ ನಿಂತು ಇನ್ನೂ ಸ್ವಲ್ಪ ಕೆಮ್ಮಿ, ಸ್ಟೇಷನ್ನಿನ ಕಡೆ ಹೋದಳು.

ನೋಡಲು ಬಂದವರು ಬಂದರು, ಹೋದರು. ಹೊಸ ಆಯಾ ಬಂದಳು. ಅವಳ ಕೊರಳಿನಲ್ಲಿ ಏನೂ ಉಳಿಯದಂತೆ ಜಯಲತಾ ತಾನೇ ನಿಂತು ಎಕ್ಸ್‌ರೇ ತೆಗೆಸಿದಳು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಕುಶಲ ಬಾಣಂತನಕ್ಕೆ ಮನೆಗೆ ಹೋಗಿದ್ದಳು. ಅವಳಿಗೆ ಹೇಳಬೇಕು, ಹೇಗೆ ಹೇಳುವುದು ಎಂದು ಜಯಲತಾ ಲೋಕಲ್ ಗಾಡಿಯಲ್ಲಿ ನಿಂತು ವಾಕ್ಯಗಳನ್ನು ಕಟ್ಟುತ್ತಿದ್ದಳು. ಇಳಿಯುವ ಹೊತ್ತಿಗೆ ಅವು ಒಂದೂ ಸರಿ ಕಾಣುತ್ತಿರಲಿಲ್ಲ. ತನಗೆ ಖಚಿತವಾಗಿ ಗೊತ್ತಿಲ್ಲದ್ದನ್ನು ಹೇಳಿ, ಎರಡು ಕಳೆದುಕೊಂಡ ತಾಯಿಯನ್ನು ಹೆದರಿಸುವುದೇ? ಹೀಗೆ ದಿನಗಳು ಹೋದವು. ಮಳೆ ಹಿಡಿಯಿತು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಕುಶಲಳ ಗಂಡ ಕಿಟ್ಟಣ್ಣ ಸಿಕ್ಕಿದ. ಮಗುವಿನ ಬಗ್ಗೆ ಕೇಳಿದಳು.

"ಗುಂಡಗೆ ಉಂಟು ಮಾರಾಯ್ತಿ. ಈ ವಾರ ಸ್ವಲ್ಪ ಹಾಲು ಬಿಡ್ತಾ ಇದ್ದಾನೆ, ಮೈ ಬಿಸಿ. ಮಳೆ ಅಲ್ವಾ. ಸಾಬವ್ವ ಇರುವಾಗ ನಮಗೆಂತ ಚಿಂತೆ? ದಿನಾ ಮನೆಗೇ ಬಂದು ಮೀಯಿಸ್ತಾಳೆ."

ಜಯಲತಾ ಗಾಡಿ ಬಿಟ್ಟು ಅವನ ಮನೆಯ ದಾರಿ ಹಿಡಿದಳು.

ಹೋಟೆಲಿನ ಹಿಂದಿನ ಚಾಳಿನಲ್ಲಿ ಮನೆ. ಬಾಗಿಲು ತೆರೆದಿತ್ತು. ಬಚ್ಚಲಿನಿಂದ ನೀರು ಹೊಯ್ಯುವ ಸದ್ದು, ಎಣ್ಣೆಯ ವಾಸನೆ. ಕುಶಲ ಟವೆಲು ಹಿಡಿದು ನಿಂತಿದ್ದಳು. ಮಣೆಯ ಮೇಲೆ ಸಾಬವ್ವ. ಹಣೆಯಲ್ಲಿ ದೊಡ್ಡ ಕುಂಕುಮ, ಕೈಯಲ್ಲಿ ಹಸಿರು ಬಳೆ. ಬಚ್ಚಲ ಶಾಖದಲ್ಲೂ ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದಳು. ಮೊದಲಿಗಿಂತ ಬಹಳ ಇಳಿದಿದ್ದಳು. ಮಗು ಅವಳ ಕಾಲ ಮೇಲೆ ಅಳದೆ ಬಿದ್ದಿತ್ತು.

"ಬನ್ನಿ ಜಯಕ್ಕ," ಎಂದಳು ಕುಶಲ. "ಸರಿಯಾದ ಹೊತ್ತಿಗೇ ಬಂದ್ರಿ. ಈಗ ಊದ್ತಾಳೆ ನೋಡಿ."

"ಊದಬೇಡ," ಎಂದಳು ಜಯಲತಾ.

ಸಾಬವ್ವ ಮಗುವನ್ನು ಎತ್ತಿದವಳು ಹಾಗೆಯೇ ನಿಂತಳು. ಜಯಲತಾಳಿಗೆ ಗಾಡಿಯಲ್ಲಿ ಕಟ್ಟಿದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದನ್ನು ಹೇಳಿದಳು. "ಕುಶಲ, ಇವಳ ಗಂಡನಿಗೆ ಟಿಬಿ ಉಂಟು. ಇವಳಿಗೂ ಇರಬಹುದು. ಇವಳ ಉಸಿರು ಮಗುವಿಗೆ ತಾಗಬಾರದು. ಮಗುವನ್ನು ಇವತ್ತೇ ಡಾಕ್ಟರಿಗೆ ತೋರಿಸಬೇಕು."

ಕುಶಲ ನಕ್ಕಳು. "ಎಂತ ಹೇಳ್ತಿದ್ದೀರಿ? ಇವಳ ಹತ್ರ ಡಾಕ್ಟರಬಾಯಿಯ ಸರ್ಟಿಫಿಕೇಟು ಉಂಟು. ನಾನು ಓದಿ ನೋಡಿಯೇ ಇಟ್ಕೊಂಡದ್ದು. ನೀವೇ ಕರ್ಕೊಂಡು ಹೋಗಿ ಮಾಡ್ಸಿದ್ದಂತೆ."

"ನಾನೇ ಮಾಡಿಸಿದ್ದು. ಅದು ಸರಿ ಇಲ್ಲ. ತಾಳಿ ಅಡ್ಡ ಇತ್ತು. ಅದನ್ನು ತೆಗೆಸಲು ನನ್ನಿಂದ ಆಗಲಿಲ್ಲ."

ಕುಶಲ ಸಾಬವ್ವನ ಕಡೆ ತಿರುಗಿದಳು. ಸಾಬವ್ವ ಮಗುವನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಳು. ಆಮೇಲೆ, ಶಾಖ ತಡೆಯಲಾರದವಳ ಹಾಗೆ, ಕೊರಳಿನ ಸೆರಗು ಬಿಚ್ಚಿದಳು. ಕೊರಳಲ್ಲಿ ಏನೂ ಇರಲಿಲ್ಲ. ಕರಿಮಣಿ ಇದ್ದ ಜಾಗದಲ್ಲಿ ಬಿಳಿಚಿಕೊಂಡ ಗೆರೆಯೊಂದು ಉಳಿದಿತ್ತು.

"ಅವ ಹೋದ್ರಿ," ಎಂದಳು ಜಯಲತಾಳಿಗೆ. "ಹೋದ ವಾರ. ಕರಟ ಕೈಯಾಗ ಇತ್ತು, ಹಂಗ ಹೋದ."

ಕುಶಲ ಎರಡು ಹೆಜ್ಜೆ ಹಿಂದೆ ಸರಿದಳು. ಮಗುವನ್ನು ಎದೆಗೆ ಒತ್ತಿಕೊಂಡಳು. ಅವಳ ಮುಖದಲ್ಲಿ ಈಗ ಹೆದರಿಕೆ ಬಂದಿತ್ತು.

"ಹೋದ ವಾರದಿಂದ? ಗಂಡ ಸತ್ತವಳು ಕುಂಕುಮ ಇಟ್ಕೊಂಡು ನನ್ನ ಮಗನಿಗೆ ನೀರು ಹಾಕಿದೆಯಾ? ಎರಡು ಹೋಗಿದೆ ನನ್ನದು, ಗೊತ್ತಿದ್ದೂ?"

"ಗಂಡ ಸತ್ತಾಕಿ ಮುಟ್ಟಬಾರದು ಅನ್ನೂದು ನಮ್ಮ ಕಡೆ ಇಷ್ಟಿಲ್ರಿ. ನಿಮ್ಮಾಗ ಅದ ಅಂತ ಗೊತ್ತಿತ್ತು, ಮುಚ್ಗೊಂಡೆ. ಹೊಟ್ಟಿ ಅದ."

"ಅದಕ್ಕೇ ಮಗು ಹಾಲು ಬಿಟ್ಟದ್ದು. ಅದಕ್ಕೇ."

"ಅದಕ್ಕಲ್ಲ ಕುಶಲ," ಎಂದಳು ಜಯಲತಾ. "ಅವಳ ಉಸಿರಿನಿಂದ. ಕೇಳು, ಮಗುವಿಗೆ ಎಕ್ಸ್‌ರೇ ಮಾಡಿಸಬೇಕು, ಬೇಗ ಹಿಡಿದರೆ ಔಷಧ ಉಂಟು..."

ಕುಶಲ ಕೇಳಲಿಲ್ಲ. ಅಡುಗೆಮನೆಗೆ ಓಡಿ, ಮುಷ್ಟಿ ತುಂಬ ಉಪ್ಪು, ಒಣಮೆಣಸು ತಂದಳು. ಸಾಬವ್ವನಿಗೆ ಹೊರಗೆ ಹೋಗು ಎಂದು ಕೈಯಿಂದ ತೋರಿಸಿ, ಮಗುವಿನ ತಲೆಯಿಂದ ಕಾಲಿನವರೆಗೆ ನಿವಾಳಿಸತೊಡಗಿದಳು. ಅಪಶಕುನ, ಅಪಶಕುನ ಎಂದು ತುಳುವಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಒಲೆಗೆ ಹಾಕಿದ ಮೆಣಸು ಸಿಡಿದು ಘಾಟು ಎದ್ದಿತು. ಮೂವರಿಗೂ ಕೆಮ್ಮು ಬಂತು. ಮಗುವಿಗೆ ಕೂಡ, ಅದರ ಕೆಮ್ಮು ಮಾತ್ರ ಘಾಟು ಇಳಿದ ಮೇಲೂ ನಿಲ್ಲಲಿಲ್ಲ.

ಸಾಬವ್ವ ಹೊರಗೆ ಮೆಟ್ಟಿಲ ಮೇಲೆ ಕೂತು ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿಕೊಂಡಳು. ಜಯಲತಾ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಹೋಗಲು ಕುಶಲ ಬಿಡುತ್ತಿರಲಿಲ್ಲ, ಹೊರಗೆ ಹೋಗಲು ಅವಳಿಗಾಗುತ್ತಿರಲಿಲ್ಲ.

"ಈಗ ನಡೀರಿ ಅಕ್ಕಾರ," ಎಂದಳು ಸಾಬವ್ವ. "ತೆಗಸ್ರಿ ನಿಮ್ಮ ಫೋಟೋ. ಅಡ್ಡ ಏನೂ ಇಲ್ಲ."

"ಬರುತ್ತೇನೆ. ಇರು," ಎಂದು ಜಯಲತಾ ಮತ್ತೆ ಒಳಗೆ ತಿರುಗಿದಳು. "ಕುಶಲ, ಮಗುವನ್ನು ಕೊಡು. ಡಾಕ್ಟರ ಹತ್ತಿರ ನಾನೇ ಎತ್ತಿಕೊಂಡು ಹೋಗುತ್ತೇನೆ. ಕುಶಲ."

ಕುಶಲ ಬೆನ್ನು ತಿರುಗಿಸಿ, ಇನ್ನೊಂದು ಮುಷ್ಟಿ ಉಪ್ಪು ತೆಗೆದುಕೊಂಡಳು.